ರಬ್ಬರಿನ ಕಲೆ

ಬಸವಕಲ್ಯಾಣದ ಆಟೋನಗರದಲ್ಲಿ ಲಾರಿಗಳ ಮೈಗೆ ಬಣ್ಣ ಹೊಡೆಯುವ ಕುಶಲಿಗನಿಗೂ, ಹುಮನಾಬಾದಿನ ಸಮೀಪದ ಮಾಣಿಕನಗರದಲ್ಲಿ ದತ್ತಜಯಂತಿಯ ಸಂಗೀತ ದರ್ಬಾರಿಗೆ ತಂಬೂರಿಯ ಶ್ರುತಿ ಕೂಡಿಸುವ ಗಾಯಕನಿಗೂ ಸಮಾನ ಶತ್ರುವೊಂದುಂಟೆಂದರೆ ಓದುಗರು ನಕ್ಕಾರು. ಆದರೆ ಉಂಟು, ಅದು ರಬ್ಬರು. ಮಾಣಿಕನಗರದ ಸಂತ ಮಾಣಿಕಪ್ರಭುಗಳು 1817ರಲ್ಲಿ ಜನಿಸಿದ ಲಾಡವಂತಿ ಕಲ್ಯಾಣದ ಸೀಮೆಯದೇ ಆದುದರಿಂದ ಈ ಎರಡೂರುಗಳ ನಡುವಣ ನಂಟು ಹಳೆಯದು. ಆ ಹಾದಿಯಲ್ಲಿ ಟೈರು ಉರುಳತೊಡಗಿದುದು ಮಾತ್ರ ಮೊನ್ನೆ ಮೊನ್ನೆ.

ಲಾರಿಯ ಬಣ್ಣವಾಗಲಿ ತಂಬೂರಿಯ ಪಾಲಿಶಾಗಲಿ, ಹೊಳಪಿನ ಮೇಲೆ ರಬ್ಬರು ಉಳಿಸುವ ಗುರುತು ಎರಡು ಬಗೆಯದು. ತಾಗಿ ಸವರಿಹೋದ ಕಪ್ಪು ಗೆರೆ ಬರಿಯ ಮೇಲ್ಪದರದ ಮಲಿನತೆ. ಸಾಬೂನಿನ ನೀರು, ಅದಕ್ಕೂ ಹೋಗದಿದ್ದರೆ ಮೆತ್ತನೆಯ ಅರಿವೆಗೆ ಹನಿಸಿದ ಸೀಮೆಎಣ್ಣೆ, ಕಡೆಗೆ ಕಾರಿನ ಪಾಲಿಶು, ಇಷ್ಟರಲ್ಲಿ ಅದು ಬಿಟ್ಟುಕೊಡುತ್ತದೆ. ಎರಡನೆಯದೇ ಗಹನವಾದುದು. 1839ರಲ್ಲಿ ಗುಡ್‌ಇಯರ್ ಎಂಬ ಸಂಶೋಧಕ ಗಂಧಕ ಬೆರೆಸಿ ಕಾಯಿಸಿ ದೃಢಗೊಳಿಸಿದ ರಬ್ಬರಿಗೆ ಮುಂದಿನವರು ಮೃದುತ್ವಕ್ಕಾಗಿ ತೈಲಗಳನ್ನೂ, ಗಾಳಿಯಲ್ಲಿನ ಓಜೋನಿನಿಂದ ಬಿರಿಯದಿರಲೆಂದು ರಕ್ಷಕ ದ್ರವ್ಯಗಳನ್ನೂ ಸೇರಿಸಿದರು. ಈ ರಕ್ಷಕಗಳು ಒಳಗಿನಿಂದ ಮೇಲ್ಮೈಗೆ ಮೆಲ್ಲಮೆಲ್ಲನೆ ಒಸರಬೇಕೆಂಬುದೇ ತಯಾರಕನ ಉದ್ದೇಶವಾಗಿರಲು, ರಬ್ಬರಿನ ಕಾಲನ್ನು ತಿಂಗಳುಗಟ್ಟಲೆ ಹೊತ್ತ ಮೇಜಿನ ಲೇಪವು ಅವನ್ನು ಹೀರಿಕೊಳ್ಳುವುದರಲ್ಲಿ ಆಶ್ಚರ್ಯವೇನು? ವೈಶಾಖದ ಉರಿಯಲ್ಲಿ ಈ ಒಸರು ಇನ್ನಷ್ಟು ತ್ವರಿತ. ಇಂಥ ಕಂದುಕಲೆ ಲೇಪದ ಮೇಲಿಲ್ಲ, ಲೇಪವೇ ಆಗಿಹೋಗಿದೆ. ಉಜ್ಜಿದಷ್ಟೂ ಲೇಪ ಸವೆಯುವುದಲ್ಲದೆ ಕಲೆ ಸವೆಯದು. ಆ ಪದರವನ್ನು ಮರಳುಕಾಗದದಿಂದ ತೆಗೆದು ಮತ್ತೆ ಬಳಿಯುವುದೊಂದೇ ದಾರಿ.

ಲೇಪದ ಜಾತಿಯನ್ನರಿಯದೆ ದ್ರಾವಕಕ್ಕೆ ಕೈಹಾಕುವುದು ಅವಿವೇಕ. ತಂಬೂರಿಗೂ ಹಳೆಯ ಸಾಗುವಾನಿ ಪೀಠೋಪಕರಣಗಳಿಗೂ ಹಚ್ಚುವ ಫ್ರೆಂಚ್ ಪಾಲಿಶು ಅರಗಿನದು, ಸ್ಪಿರಿಟಿನಲ್ಲಿ ಕರಗಿಸಿದ್ದು, ಸ್ಪಿರಿಟಿನಲ್ಲೇ ಮರಳಿ ಕರಗುವಂಥದು. ವಾಹನಗಳಿಗೆ ಹೊಡೆಯುತ್ತಿದ್ದ, 1920ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ ಡುಕೋ ಬಣ್ಣವಾದರೋ ನೈಟ್ರೋಸೆಲ್ಯುಲೋಸಿನದು, ಥಿನ್ನರ್ ತಗಲಿದೊಡನೆ ಕರಗಿ ಜಾರುವಂಥದು. ಆದುದರಿಂದ ಮೇಜಿನ ಅಡಿಭಾಗದಂಥ ಕಾಣದ ಮೂಲೆಯಲ್ಲಿ ಒಂದು ಹನಿಯಿಂದ ಪರೀಕ್ಷಿಸಿ ನೋಡಬೇಕು. ಇದನ್ನು ಬುದ್ಧಿವಾದವಾಗಿ ಹೇಳುವ ಅಧಿಕಾರ ನನಗಿಲ್ಲ: ಟೈಪ್‌ರೈಟರಿನ ನಾಲ್ಕು ರಬ್ಬರ್ ಕಾಲುಗಳು ನನ್ನ ಮೇಜಿನ ಮೇಲೆ ಮೂಡಿಸಿದ್ದ ನಾಲ್ಕು ವೃತ್ತಗಳಲ್ಲಿ ಒಂದನ್ನು ಸ್ಪಿರಿಟಿನಿಂದ ಒರೆಸಹೋಗಿ, ವೃತ್ತವನ್ನು ಅಲ್ಲಿಯೇ ಉಳಿಸಿ ಪಾಲಿಶನ್ನು ಮಾತ್ರ ಅರಿವೆಗೆ ತಂದುಕೊಂಡವನು ನಾನು.

ಇಷ್ಟೆಲ್ಲ ಕಲೆ ಮಾಡುವ ರಬ್ಬರು ಹೆಸರು ಪಡೆದುದು ಮಾತ್ರ ಅಳಿಸುವುದರಿಂದ. 1770ರಲ್ಲಿ ಇಂಗ್ಲೆಂಡಿನ ಪ್ರೀಸ್ಟ್ಲಿ ಎಂಬ ವಿಜ್ಞಾನಿ ಈ ಪದಾರ್ಥ ಸೀಸದಕಡ್ಡಿಯ ಗೆರೆಯನ್ನು ಅಳಿಸುತ್ತದೆಂದು ಬರೆದಿಟ್ಟನು. ಉಜ್ಜುವುದೆಂಬ ಅರ್ಥದ ಇಂಗ್ಲಿಷ್ ಮಾತಿನಿಂದಲೇ ಅದಕ್ಕೆ ರಬ್ಬರೆಂಬ ಹೆಸರು ಬಂದಿತು.

ಕಡೆಗೆ ನಾನು ಕರೆಸಿದ ಬಡಗಿಯು ನನ್ನ ಮೇಜನ್ನು ನೋಡಿ ಏನನ್ನೂ ಹೇಳಲಿಲ್ಲ. ತನ್ನ ಚೀಲದಿಂದ ಹಳೆಯ ಕಂಬಳಿಯ ತುಂಡೊಂದನ್ನು ತೆಗೆದು, ನಾಲ್ಕಾಗಿ ಕತ್ತರಿಸಿ, ಟೈಪ್‌ರೈಟರಿನ ಕಾಲುಗಳ ಕೆಳಗಿಟ್ಟು ಹೊರಟುಹೋದನು.