ಗರಿಯ ಅಂಚಿನಲ್ಲಿ ಮಸೂರದ ಪರೀಕ್ಷೆ

ತಾಡವಾಲೆಯ ಪ್ರತಿಗಳನ್ನು ಪರಿಷ್ಕರಿಸುವ ವಿದ್ವಾಂಸರು ಇಂದು ಬಹುಮಟ್ಟಿಗೆ ಓದುವುದು ಓಲೆಯನ್ನಲ್ಲ, ಓಲೆಯ ಛಾಯಾಚಿತ್ರವನ್ನು. ಭಂಡಾರದ ಕಟ್ಟುಗಳನ್ನು ಪದೇ ಪದೇ ಬಿಚ್ಚುವುದು ಗರಿಗಳ ಆಯುಸ್ಸಿಗೆ ಹಿತವಲ್ಲವಾದ್ದರಿಂದ, ಒಮ್ಮೆ ತೆಗೆದ ಚಿತ್ರವೇ ಮುಂದೆ ಪ್ರಮಾಣವಾಗಿ ನಿಲ್ಲುತ್ತದೆ. ಅದರಲ್ಲಿ ಧಕಾರದ ಸಣ್ಣ ಸೀಳು ಮಾಯವಾಗಿ 'ಬಂಧ'ವು 'ಬಂದ' ಎಂದು ಕಂಡರೆ, ಇಲ್ಲದ ಪಾಠಾಂತರವೊಂದು ಹುಟ್ಟಿಕೊಳ್ಳುತ್ತದೆ. ಆ ದೋಷ ಲಿಪಿಕಾರನದಲ್ಲ, ಮಸೂರದ್ದು. ಆದಕಾರಣ ಸಂಸ್ಥೆಯ ಕಪಾಟಿನಲ್ಲಿ ವರ್ಷಾನುವರ್ಷ ಸೇರಿಕೊಂಡ ಕ್ಯಾಮೆರಾ ಮಸೂರಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಮಾರಬೇಕು, ಯಾವುದರ ಬದಲಿಗೆ ಮೇಲಾದುದನ್ನು ಕೊಳ್ಳಬೇಕು ಎಂಬುದನ್ನು ಕೇವಲ ಲೆಕ್ಕಪತ್ರದ ವಿಷಯವೆಂದು ಪಂಡಿತರು ಉಪೇಕ್ಷಿಸುವಂತಿಲ್ಲ.

ಲಿಪಿಗೂ ಮಸೂರಕ್ಕೂ ಇರುವ ಈ ಸಂಬಂಧ ಹೊಸದೇನೂ ಅಲ್ಲ. ರೋಮನ್ ಲಿಪಿಯ ಪುಟಗಳಿಗೆ ಸಾಕೆನಿಸಿದ್ದ ಮಸೂರಗಳು, ಗೀಟುಗಳು ಒತ್ತೊತ್ತಾಗಿರುವ ಕಾಂಜಿ ಅಕ್ಷರಗಳನ್ನು ಮೈಕ್ರೋಫಿಲ್ಮಿನಲ್ಲಿ ಸ್ಫುಟವಾಗಿ ಹಿಡಿಯಲಾರದೆ ಹೋದವು. ಈ ಕೊರತೆಯನ್ನು ನೀಗಲೆಂದೇ ಜಪಾನಿನ ನಿಪ್ಪಾನ್ ಕೊಗಾಕು, ಅಂದರೆ ಇಂದಿನ ನಿಕಾನ್ ಸಂಸ್ಥೆ, 1956ರಲ್ಲಿ 5 ಸೆಂ.ಮೀ. ಸಂಗಮದೂರದ ಮೈಕ್ರೋ-ನಿಕ್ಕೊರ್ ಮಸೂರವನ್ನು ಹೊರತಂದಿತು. ಒತ್ತಕ್ಷರ, ಕೊಂಬು, ಸೊನ್ನೆಗಳು ಒಂದರ ಮೈಮೇಲೊಂದು ಬೀಳುವ ನಮ್ಮ ಓಲೆಯ ಬರವಣಿಗೆಗೂ ಅದೇ ಜಾತಿಯ ಮಸೂರ ಬೇಕು.

ಕಾರಣ ಸರಳವಾದದ್ದು. ಸಾಮಾನ್ಯ ಮಸೂರಗಳನ್ನು ದೂರದ ವಸ್ತುಗಳಿಗಾಗಿ ರೂಪಿಸಿರುತ್ತಾರೆ. ಅವನ್ನು ಹತ್ತಿರಕ್ಕೆ ತಂದಾಗ ಸ್ಫುಟವಾಗಿ ಕಾಣುವ ತಲವು ಸಪಾಟಾಗಿರದೆ ಬಟ್ಟಲಿನಂತೆ ಬಾಗುತ್ತದೆ. ಮುಖಚಿತ್ರದಲ್ಲಿ ಇದು ದೋಷವೆನಿಸದು. ಮುಖ ನಡುವಿನಲ್ಲಿರುತ್ತದೆ, ಅಂಚಿನಲ್ಲಿ ಗೋಡೆಯಿರುತ್ತದೆ. ತಾಡವಾಲೆಯ ಸ್ಥಿತಿ ಹಾಗಲ್ಲ. ಪಂಕ್ತಿಯು ಈ ತುದಿಯಿಂದ ಆ ತುದಿಯವರೆಗೆ ಹರಿಯುತ್ತದೆ. ಗರಿಯ ಸಂಖ್ಯೆಯಂತೂ ಕಟ್ಟಕಡೆಯ ಅಂಚಿನಲ್ಲಿಯೇ ಇರುತ್ತದೆ. ದಾರ ಹರಿದು ಗರಿಗಳು ಕಲಸಿಹೋದ ಕಟ್ಟಿನಲ್ಲಿ ಆ ಸಂಖ್ಯೆ ಮಸುಕಾದರೆ ಗ್ರಂಥದ ಅನುಕ್ರಮವೇ ತಪ್ಪುತ್ತದೆ. ಆದ್ದರಿಂದ ಮಸೂರದ ಯೋಗ್ಯತೆಯನ್ನು ಚಿತ್ರದ ನಡುವಿನಲ್ಲಿ ಅಳೆಯದೆ, ಗರಿಯ ಎರಡು ತುದಿಗಳಲ್ಲಿ ಅಳೆಯಬೇಕು.

ಪರೀಕ್ಷೆಗೆ ಖರ್ಚಿಲ್ಲ. ಸಣ್ಣ ಅಂಕಿಗಳಿಂದ ತುಂಬಿದ ಪಂಚಾಂಗದ ಹಾಳೆಯೊಂದನ್ನು ಮೇಜಿನ ಮೇಲೆ ಸಪಾಟಾಗಿ ಹಾಸಿ, ಕ್ಯಾಮೆರಾವನ್ನು ಸ್ತಂಭಕ್ಕೆ ಬಿಗಿದು ಕೆಳಮುಖವಾಗಿಡಬೇಕು. ಮೊದಲು ಹಾಳೆಯ ಜಾಗದಲ್ಲಿ ಒಂದು ಚಿಕ್ಕ ಕನ್ನಡಿಯನ್ನಿಟ್ಟು ನೋಡಿದರೆ, ಮಸೂರದ ಪ್ರತಿಬಿಂಬವು ಚೌಕಟ್ಟಿನ ಸರಿನಡುವೆ ಕಾಣಬೇಕು. ಇಲ್ಲವಾದರೆ ಕ್ಯಾಮೆರಾ ಓರೆಯಾಗಿದೆಯೆಂದೇ ಅರ್ಥ. ಓರೆಯನ್ನು ಸರಿಪಡಿಸದೆ ಮಸೂರವನ್ನು ದೂಷಿಸುವವರೇ ಹೆಚ್ಚು. ಬಳಿಕ ಎಫ್ 4, 8, 16 ಎಂಬ ಮೂರು ದ್ವಾರಗಳಲ್ಲಿ ಚಿತ್ರ ತೆಗೆದು ನಾಲ್ಕು ಮೂಲೆಗಳ ಅಂಕಿಗಳನ್ನು ಹೋಲಿಸಬೇಕು. ಎಫ್ 8ರಲ್ಲಿ ಮೂಲೆಯ ಅಂಕಿಗಳು ನಡುವಿನಷ್ಟೇ ಸ್ಫುಟವಾಗಿದ್ದರೆ ಆ ಮಸೂರ ಉಳಿಯತಕ್ಕದ್ದು, ಅದು ಎಷ್ಟೇ ಹಳೆಯದಾಗಿರಲಿ. ದ್ವಾರವನ್ನು ಇನ್ನೂ ಕಿರಿದುಗೊಳಿಸಿ ದೋಷವನ್ನು ಮುಚ್ಚಲು ಹೊರಟರೆ ಬೆಳಕಿನ ವಿವರ್ತನೆಯಿಂದ ಇಡೀ ಚಿತ್ರವೇ ಮಂಕಾಗುತ್ತದೆ.

ಇನ್ನು ಸಂಗಮದೂರದ ವಿಚಾರ. 60 ಸೆಂ.ಮೀ. ಉದ್ದದ ಗರಿಯನ್ನು 36 ಮಿ.ಮೀ. ಅಗಲದ ಸೆನ್ಸರಿನಲ್ಲಿ ಒಂದೇ ಚಿತ್ರವಾಗಿ ಹಿಡಿದರೆ, ಅಗಲಕ್ಕೆ 6000 ಬಿಂದುಗಳ ಕ್ಯಾಮೆರಾದಲ್ಲಿ ಮಿಲಿಮೀಟರಿಗೆ 10 ಬಿಂದುಗಳು ಮಾತ್ರ ದೊರೆಯುತ್ತವೆ. ಕೂದಲೆಳೆಯಷ್ಟು ತೆಳುವಾದ ಕಂಟದ ಗೆರೆಗೆ ಒಂದೇ ಬಿಂದು ಬಂದಂತಾಯಿತು. ಅದೇ ಗರಿಯನ್ನು 22 ಸೆಂ.ಮೀ.ಗಳ ಮೂರು ಭಾಗಗಳಾಗಿ, ಕೂಡುವಲ್ಲಿ 3 ಸೆಂ.ಮೀ. ಒಂದರ ಮೇಲೊಂದು ಬರುವಂತೆ ತೆಗೆದರೆ ಮಿಲಿಮೀಟರಿಗೆ 27 ಬಿಂದುಗಳಾಗುತ್ತವೆ. ಹೊಸ ಮಸೂರ ಕೊಳ್ಳದೆಯೇ ದೊರೆಯುವ ಈ ಲಾಭವನ್ನು ಶ್ರಮವಾಗುವುದೆಂದು ಬಿಟ್ಟುಬಿಡುವುದು ಶೋಚನೀಯ. ಹೀಗೆ ಭಾಗಶಃ ತೆಗೆಯುವಾಗ 60 ಮಿ.ಮೀ. ಮ್ಯಾಕ್ರೋ ಮಸೂರವು ಓಲೆಯಿಂದ ಸುಮಾರು 43 ಸೆಂ.ಮೀ. ದೂರದಲ್ಲಿಯೂ, 100 ಮಿ.ಮೀ. ಮಸೂರವು ಸುಮಾರು 70 ಸೆಂ.ಮೀ. ದೂರದಲ್ಲಿಯೂ ನಿಲ್ಲುತ್ತದೆ. ನನ್ನ ಮತ 100 ಮಿ.ಮೀ. ಕಡೆಗೆ. ಮಸಿ ಅಳಿದು ಬರಿಯ ಕೊರೆತ ಉಳಿದ ಗರಿಗಳಿಗೆ ದೀಪವನ್ನು ಪಕ್ಕದಿಂದ ತಗ್ಗಾಗಿ ಬೀರಬೇಕಾಗುತ್ತದೆ. ಅದಕ್ಕೆ ಸ್ಥಳ ಬೇಕು. ಹುಳು ಕೊರೆದ ರಂಧ್ರವು ಸೊನ್ನೆಯಂತೆ ಭ್ರಮೆ ಹುಟ್ಟಿಸುವ ಕಡೆಗಳಲ್ಲಿ ಗರಿಯ ಕೆಳಗೆ ಬಿಳಿಯ ಹಾಳೆಯನ್ನು ಜಾರಿಸಿ ಇನ್ನೊಂದು ಚಿತ್ರ ತೆಗೆಯಲೂ ಈ ಅವಕಾಶ ಉಪಯುಕ್ತ. ಆದರೆ ಇಡೀ ಗರಿಯನ್ನು ಒಮ್ಮೆಗೇ ಕಾಣಿಸಲು 100 ಮಿ.ಮೀ. ಮಸೂರಕ್ಕೆ ಸುಮಾರು 177 ಸೆಂ.ಮೀ. ಎತ್ತರ ಬೇಕಾಗುವುದರಿಂದ, ಗುರುತಿನ ಚಿತ್ರಕ್ಕಾಗಿ ಸಾಧಾರಣ 50 ಮಿ.ಮೀ. ಮಸೂರವೊಂದನ್ನೂ ಉಳಿಸಿಕೊಳ್ಳತಕ್ಕದ್ದು. ಅದನ್ನು ಮಾರಿದರೆ ಬರುವ ಹಣವೂ ಅಲ್ಪವೇ.

ಮಾರಬೇಕಾದವುಗಳಲ್ಲಿ ಮೊದಲನೆಯದು ಜೂಮ್ ಮಸೂರ. ಅದರ ವಿಶಾಲಕೋನದಲ್ಲಿ ಗರಿಯ ನೇರ ಅಂಚು ಬಿಲ್ಲಿನಂತೆ ಬಾಗಿ ಕಾಣುವುದಲ್ಲದೆ, ಕೆಳಮುಖವಾಗಿಟ್ಟಾಗ ಕೊಳವೆ ತನ್ನ ಭಾರದಿಂದಲೇ ಜಾರಿ, ನೂರನೆಯ ಗರಿಯ ಹೊತ್ತಿಗೆ ಅಳತೆ ಬೇರೆಯಾಗಿರುತ್ತದೆ. ಎರಡನೆಯದು ದೂರದರ್ಶಕ ಮಸೂರ. ಶ್ರವಣಬೆಳಗೊಳದ 2006 ಅಥವಾ 2018ರ ಮಹಾಮಸ್ತಕಾಭಿಷೇಕಕ್ಕೆಂದು ಕೊಂಡ ಮಸೂರವನ್ನು ಮುಂದಿನ ಅಭಿಷೇಕ ಬರಲಿ ಎಂದು ಹನ್ನೆರಡು ವರ್ಷ ಕಪಾಟಿನಲ್ಲಿ ಕಾಯಿಸುವುದು ಭಕ್ತಿಯಿರಬಹುದು, ವಿವೇಕವಲ್ಲ. ಆ ದಿನಗಳಿಗೆ ಬಾಡಿಗೆಗೆ ತರಬಹುದು.

ಬೂಷ್ಟು ಹಿಡಿದ ಮಸೂರದ ವಿಷಯದಲ್ಲಿ ದಾಕ್ಷಿಣ್ಯ ಸಲ್ಲದು. ಕರಾವಳಿಯ ಆರ್ದ್ರತೆಯಲ್ಲಿ ಚರ್ಮದ ಚೀಲದೊಳಗಿಟ್ಟ ಗಾಜಿನ ಮೇಲೆ ಜೇಡರಬಲೆಯಂಥ ಎಳೆಗಳು ಬೇಗನೆ ಹಬ್ಬುತ್ತವೆ. ಚಿತ್ರದಲ್ಲಿ ಕಪ್ಪು ಬೂದುಬಣ್ಣಕ್ಕೆ ತಿರುಗಿ, ಅಕ್ಷರ ಹಾಗೂ ಓಲೆಯ ಅಂತರ ಕುಗ್ಗುತ್ತದೆ. ಅಂಥದನ್ನು ಒಡನೆಯೇ ಬೇರ್ಪಡಿಸಿ, ಶುದ್ಧಿಯ ವೆಚ್ಚ ಅದರ ಬೆಲೆಗಿಂತ ಹೆಚ್ಚಾದರೆ ದೋಷವನ್ನು ಹೇಳಿಯೇ ವಿಲೇವಾರಿ ಮಾಡತಕ್ಕದ್ದು. ಚರ್ಮದ ಚೀಲವನ್ನು ಬಸದಿಯೊಳಗೆ ಒಯ್ಯುವಂತಿಲ್ಲವೆಂಬುದು ನಮ್ಮವರಿಗೆ ತಿಳಿದದ್ದೇ; ಮಸೂರಕ್ಕೂ ಅದು ಹಿತವಲ್ಲ. ಸಿಲಿಕಾ ಜೆಲ್ ಇಟ್ಟ ಬಿಗಿಮುಚ್ಚಳದ ಡಬ್ಬಿ ಸಾಕು.

ಮೇಲಿನ ಪರೀಕ್ಷೆಯಲ್ಲಿ ಇರುವ ಮ್ಯಾಕ್ರೋ ಮಸೂರ ಸೋತರೆ ಮಾತ್ರ ಹೊಸದನ್ನು ಕೊಳ್ಳುವ ಮಾತು. ಮಸಿಯಿಂದ ಬರೆದ, ವರ್ಣಚಿತ್ರಗಳಿರುವ ಮೂಡಬಿದರೆಯ ಸಿದ್ಧಾಂತಗ್ರಂಥಗಳಂಥ ಓಲೆಗಳಿಗೆ, ಅಕ್ಷರದ ಅಂಚಿನಲ್ಲಿ ಕೆಂಪು-ಹಸಿರು ಸೆರಗು ಮೂಡಿಸದ ಮಸೂರ ಅವಶ್ಯ. ಹಳೆಯ ಮಸೂರ ಹೆಚ್ಚಾಗಿ ಸೋಲುವುದು ಇಲ್ಲಿಯೇ. ಬದಲಾಯಿಸಿದಲ್ಲಿ ಯಾವ ಕಟ್ಟಿನ ಎಷ್ಟನೆಯ ಗರಿಯಿಂದ ಹೊಸ ಮಸೂರ ಬಳಕೆಗೆ ಬಂದಿತು, ದೂರ ಎಷ್ಟು, ದ್ವಾರ ಯಾವುದು ಎಂಬುದನ್ನು ಪ್ರತಿಯ ವಿವರಪಟ್ಟಿಯಲ್ಲಿಯೇ ನಮೂದಿಸತಕ್ಕದ್ದು. ಸಂದೇಹ ಬಂದ ಅಕ್ಷರವನ್ನು ಮುಂದೆ ನಿಷ್ಕರ್ಷೆ ಮಾಡುವವರು ಮೊದಲು ಕೇಳುವುದು ಅದನ್ನೇ.