ಹಿರಿಯರ ಆರೈಕೆ: ಊರು ನಂಬಿದ್ದೇನು, ನಿಜ ಏನು?

ಕುಮಟಾ, ಹೊನ್ನಾವರದ ಘಟ್ಟದ ಬುಡದ ಅಡಿಕೆ ತೋಟದ ಮನೆಗಳಿಂದ ಮಕ್ಕಳು ಬೆಂಗಳೂರು ಸೇರಿ ವರ್ಷಗಳಾದವು. ಭಟ್ಕಳದ ನವಾಯತ ಮನೆಗಳ ಗಂಡುಮಕ್ಕಳು ದುಬೈ, ಜೆಡ್ಡಾ, ದಮ್ಮಾಮಿನಲ್ಲಿ ದುಡಿಯುತ್ತಾರೆ. ಕಡಲ ಬದಿಯ ಹುಡುಗರು ಮಲ್ಪೆ, ಗೋವಾದ ಬೋಟುಗಳಲ್ಲಿದ್ದಾರೆ. ಜಾತಿ, ಧರ್ಮ, ಕಸುಬು ಬೇರೆಯಾದರೂ ಊರಲ್ಲಿ ಉಳಿದವರ ಕತೆ ಒಂದೇ: ದೊಡ್ಡ ಮನೆ, ವಯಸ್ಸಾದ ಇಬ್ಬರು, ಒಂದು ಮೊಬೈಲು. ಒಬ್ಬರು ಹೋದ ಮೇಲೆ ಇನ್ನೊಬ್ಬರು ಮಾತ್ರ.

ಇಂಥ ಮನೆಗಳ ಬಗ್ಗೆ ಊರಲ್ಲಿ ಅಭಿಪ್ರಾಯಕ್ಕೆ ಬರವಿಲ್ಲ. ಯಾರು ಒಳ್ಳೆಯ ಮಗ, ಯಾರು ಕೆಟ್ಟ ಸೊಸೆ, ಮುದುಕರಿಗೆ ಏನು ಕೊಡಬೇಕು, ಕಾನೂನು ಏನು ಹೇಳುತ್ತದೆ ಎಂಬುದೆಲ್ಲ ಮದುವೆ ಮನೆಯ ಪಂಕ್ತಿಯಲ್ಲೇ ತೀರ್ಮಾನವಾಗಿಬಿಡುತ್ತದೆ. ಅವುಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಶುದ್ಧ ಸುಳ್ಳು, ಒಂದೆರಡು ಜೀವಕ್ಕೇ ಅಪಾಯ. ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಊರಲ್ಲಿರುವ ಮಗ ನೋಡಿಕೊಳ್ಳುತ್ತಾನೆ, ಹೊರಗಿರುವವನು ಕೈಬಿಟ್ಟಿದ್ದಾನೆ

ಸತ್ಯ: ಒಂದೇ ಸೂರಿನಡಿ ಇದ್ದೂ ತಂದೆಯ ಸಕ್ಕರೆ ಎಷ್ಟಿದೆ ಎಂದು ತಿಳಿಯದ ಮಕ್ಕಳಿದ್ದಾರೆ. ಕೊಲ್ಲಿಯಿಂದಲೇ ದಿನಾ ಬೆಳಿಗ್ಗೆ ವಿಡಿಯೋ ಕಾಲ್ ಮಾಡಿ ಮಾತ್ರೆ ನುಂಗುವುದನ್ನು ನೋಡಿಯೇ ಫೋನ್ ಇಡುವವರೂ ಇದ್ದಾರೆ. ಸ್ನಾನ ಮಾಡಿಸುವುದು, ರಾತ್ರಿ ಎಬ್ಬಿಸಿ ಬಚ್ಚಲಿಗೆ ಕರೆದೊಯ್ಯುವುದು ಹತ್ತಿರ ಇದ್ದವರೇ ಮಾಡಬೇಕಾದ ಕೆಲಸ. ಕರೆಂಟ್ ಬಿಲ್ಲು, ವಿಮೆ, ಡಾಕ್ಟರ ಅಪಾಯಿಂಟ್‌ಮೆಂಟ್, ಪಿಂಚಣಿಯ ಜೀವನ ಪ್ರಮಾಣಪತ್ರದ ನೆನಪು, ಬ್ಯಾಂಕಿನ ವ್ಯವಹಾರ, ಇವನ್ನು ಎಲ್ಲಿಂದಲಾದರೂ ಮಾಡಬಹುದು.

ಹಾಗೆಂದು ದುಡ್ಡು ಕಳಿಸಿದರೆ ಹೊಣೆ ಮುಗಿಯಿತು ಎಂಬುದೂ ಸುಳ್ಳೇ. ಎಟಿಎಂ ಕಾರ್ಡು ಬಳಸಲು ಬಾರದ ತಾಯಿಯ ಖಾತೆಯಲ್ಲಿ ಲಕ್ಷವಿದ್ದರೂ ರಾತ್ರಿ ಎರಡಕ್ಕೆ ಕಾರು ಬಾಡಿಗೆಗೆ ಕರೆದರೆ ಕೊಡಲು ಕಾಸಿರುವುದಿಲ್ಲ. ಇನ್ನು ವರ್ಷವಿಡೀ ಮಾಡಿದ ಸೊಸೆಯನ್ನು ಪಕ್ಕಕ್ಕೆ ಸರಿಸಿ, ಚೌತಿಗೆ ಬಂದ ಮಗ "ಆಯಿ ಯಾಕೆ ಇಷ್ಟು ಸೊರಗಿದ್ದಾಳೆ?" ಎಂದು ಕೇಳುವುದಿದೆಯಲ್ಲ, ಅಣ್ಣತಮ್ಮಂದಿರ ಎಷ್ಟೋ ಜಗಳ ಹುಟ್ಟುವುದು ಅಲ್ಲೇ.

ತಪ್ಪು ಕಲ್ಪನೆ 2: ಅರವತ್ತಕ್ಕೆ ಅರಳುಮರಳು ಸಹಜ, ಅದಕ್ಕೆ ಔಷಧವಿಲ್ಲ

ಸತ್ಯ: ಸಾರಿಗೆ ಉಪ್ಪು ಹಾಕಿದ್ದು ನೆನಪಾಗದಿರುವುದು ವಯಸ್ಸಿನ ಮರೆವು. ಜೀವಮಾನವಿಡೀ ಮಾಡಿದ ಸಾರಿನ ಕ್ರಮವೇ ತಪ್ಪುವುದು, ದಿನವೂ ಹೋಗುವ ದೇವಸ್ಥಾನದಿಂದ ಮನೆಗೆ ದಾರಿ ಹೊಳೆಯದಿರುವುದು, ಈಗಷ್ಟೇ ಉಂಡು "ನಂಗೆ ಊಟ ಹಾಕಲಿಲ್ಲ" ಎಂದು ಪಕ್ಕದ ಮನೆಯಲ್ಲಿ ದೂರುವುದು ವಯಸ್ಸಲ್ಲ, ರೋಗದ ಸುಳಿವು. ಊರು ಆ ದೂರನ್ನು ನಂಬಿ ಸೊಸೆಯ ಮೇಲೆ ತೀರ್ಪು ಕೊಟ್ಟುಬಿಡುತ್ತದೆ. ಹಿರಿಯರನ್ನು ಡಾಕ್ಟರಿಗೆ ತೋರಿಸುವವರು ಯಾರೂ ಇಲ್ಲ.

2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4 ಜನರಿಗೆ ಡಿಮೆನ್ಶಿಯಾ ಇದೆ. ಅಂದರೆ ನೂರಕ್ಕೆ ತೊಂಬತ್ತೆರಡಕ್ಕೂ ಹೆಚ್ಚು ಮಂದಿಗೆ ಇಲ್ಲ. ವಯಸ್ಸಾದವರಿಗೆಲ್ಲ ಬರುವುದಾಗಿದ್ದರೆ ಲೆಕ್ಕ ಹೀಗಿರುತ್ತಿರಲಿಲ್ಲ. ಜತೆಗೆ, ಡಿಮೆನ್ಶಿಯಾದಂತೆ ಕಾಣುವುದೆಲ್ಲ ಅದೇ ಆಗಿರಬೇಕಿಲ್ಲ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್, ಖಿನ್ನತೆ, ಕಿವಿ ಮಂದವಾಗಿರುವುದು, ಇವೂ ಮರೆವು ತರುತ್ತವೆ ಮತ್ತು ಇವಕ್ಕೆ ಚಿಕಿತ್ಸೆ ಇದೆ. ನಿನ್ನೆಯವರೆಗೆ ಸರಿಯಿದ್ದವರು ಇಂದು ಏಕಾಏಕಿ ಅಸಂಬದ್ಧ ಮಾತಾಡಿದರೆ ಅದು ಮೂತ್ರದ ಸೋಂಕೋ, ರಕ್ತದಲ್ಲಿ ಸೋಡಿಯಂ ಇಳಿದದ್ದೋ ಇರಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು, ನಾಳೆಗೆ ದೂಡುವಂತಿಲ್ಲ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರ ಶಿಬಿರ ನಡೆಯುತ್ತದೆ. ನಿಮ್ಮ ಊರಿನ ಸರದಿ ಯಾವಾಗ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ತಪ್ಪು ಕಲ್ಪನೆ 3: ಈ ವಯಸ್ಸಿಗೆ ಆಪರೇಷನ್ ಯಾಕೆ? ಗಾಂವಟಿ ಔಷಧ ಸಾಕು

ಸತ್ಯ: ನಮ್ಮ ಕಡೆ ಹಿರಿಯರಿಗೆ ಅತಿ ಹೆಚ್ಚು ದುಬಾರಿಯಾಗುವ ನಂಬಿಕೆ ಇದು. ಸೊಂಟದ ಎಲುಬು ಮುರಿದವರಿಗೆ ಎಂಬತ್ತಾಗಿದ್ದರೂ, ಹೃದಯ ತಡೆಯುವಂತಿದ್ದರೆ, ಎರಡು ದಿನದೊಳಗೆ ಶಸ್ತ್ರಚಿಕಿತ್ಸೆ ಮಾಡುವುದು ಒಳ್ಳೆಯದೆಂದು ಮೂಳೆ ವೈದ್ಯರು ಹೇಳುತ್ತಾರೆ. ಯಾಕೆಂದರೆ ಮುರಿತಕ್ಕಿಂತ ಮಲಗಿದ್ದೇ ಹೆಚ್ಚು ಕೊಲ್ಲುತ್ತದೆ. ಪಟ್ಟು ಕಟ್ಟಿಸಿಕೊಂಡು ಮೂರು ತಿಂಗಳು ಹಾಸಿಗೆ ಹಿಡಿದರೆ ಬೆನ್ನುಹುಣ್ಣು, ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಒಂದರ ಹಿಂದೊಂದು ಬರುತ್ತವೆ.

ಪಾರ್ಶ್ವವಾಯುವಿನಲ್ಲಿ ದಿನದ ಲೆಕ್ಕವಿಲ್ಲ, ಗಂಟೆಯ ಲೆಕ್ಕ. ಬಾಯಿ ಸೊಟ್ಟಗಾಯಿತು, ಒಂದು ಕೈ ಎತ್ತಲಾಗುತ್ತಿಲ್ಲ, ಮಾತು ತೊದಲುತ್ತಿದೆ ಎಂದರೆ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ ನಾಲ್ಕೂವರೆ ಗಂಟೆ. ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ಕುಮಟಾದಿಂದ ಮಣಿಪಾಲ ಸುಮಾರು 150 ಕಿಲೋಮೀಟರ್. ಎಣ್ಣೆ ತಿಕ್ಕಿ, ನೀರು ಕುಡಿಸಿ, ಔಷಧ ಕೊಡುವವರ ಮನೆ ಬಾಗಿಲಿಗೆ ಹೋಗಿ ಬರುವಷ್ಟರಲ್ಲಿ ಆ ಅವಧಿ ಮುಗಿದಿರುತ್ತದೆ. ನುಂಗಲು ಬಾರದವರಿಗೆ ನೀರು ಕುಡಿಸಿದರೆ ಅದು ಶ್ವಾಸಕೋಶ ಸೇರುವ ಭಯವೂ ಇದೆ.

ದೂರದ ಕಷ್ಟ ನಮ್ಮವರಿಗೆ ಹೊಸದಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಮಳೆನೀರಿಗೆ ಜಾರಿ ಪಲ್ಟಿಯಾಗಿ ನಾಲ್ವರ ಜೀವ ಹೋಯಿತು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಆಗ ಮತ್ತೆ ಎದ್ದಿತು. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಕಾರವಾರದ ಕಡೆಯ ಹೆದ್ದಾರಿಯೇ ಮುಚ್ಚಿತ್ತು. ಆಸ್ಪತ್ರೆ ಹತ್ತಿರ ಬರುವ ತನಕ ಮನೆಯವರು ಮಾಡಬೇಕಾದ್ದು ಇಷ್ಟು: ಸಿಟಿ ಸ್ಕ್ಯಾನ್ ಮತ್ತು ಪಾರ್ಶ್ವವಾಯು ಚಿಕಿತ್ಸೆ ಎಲ್ಲಿದೆ ಎಂದು ಮೊದಲೇ ತಿಳಿದಿರಬೇಕು. 108 ಬಿಟ್ಟು ಇನ್ನೊಂದು ಆಂಬುಲೆನ್ಸಿನ ನಂಬರು, ಕರೆದ ಕೂಡಲೇ ಬರುವ ಪಕ್ಕದ ಮನೆಯವರ ನಂಬರು ಗೋಡೆಯ ಮೇಲೆ ದೊಡ್ಡಕ್ಷರದಲ್ಲಿರಬೇಕು.

ಬೀಳದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಅಗ್ಗ. ಆಷಾಢದಲ್ಲಿ ನಮ್ಮ ಅಂಗಳ ನೋಡಿ. ಚಿರೇಕಲ್ಲಿನ ಮೇಲೆ ಹಸಿರು ಪಾಚಿ, ಹಿತ್ತಲ ಕಡೆಯ ಬಚ್ಚಲಿಗೆ ಎರಡು ಮೆಟ್ಟಿಲು, ಹಿಡಿಯಲು ಏನೂ ಇಲ್ಲ, ಬಾಗಿಲ ಬಳಿ ಒದ್ದೆ ಗೋಣಿಚೀಲ, ಕರೆಂಟು ಹೋಗಿದೆ. ಹಿಂದಿನವರು ಮಳೆಗಾಲಕ್ಕೆ ಮುಂಚೆ ಅಂಗಳಕ್ಕೆ ಸೋಗೆ ಹಾಸುತ್ತಿದ್ದರು. ಈಗ ಅದಕ್ಕೆ ಆಳಿಲ್ಲ. ಬಚ್ಚಲ ಗೋಡೆಗೆ ಒಂದು ಸ್ಟೀಲಿನ ಹಿಡಿಕೆ, ಹಾಸಿಗೆಯ ಪಕ್ಕ ಚಾರ್ಜಿನ ಲೈಟು, ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿದ ದಾರಿ, ಇಷ್ಟಕ್ಕೆ ಆಗುವ ಖರ್ಚು ಸೊಂಟದ ಆಪರೇಷನ್ನಿನ ಮುಂದೆ ಏನೂ ಅಲ್ಲ.

ತಪ್ಪು ಕಲ್ಪನೆ 4: ಹೆಚ್ಚು ಡಾಕ್ಟರಿಗೆ ತೋರಿಸಿದಷ್ಟೂ ಒಳ್ಳೆಯದು

ಸತ್ಯ: ಹಿರಿಯರ ಮಾತ್ರೆಯ ಚೀಲವನ್ನು ಒಮ್ಮೆ ಚಾಪೆಯ ಮೇಲೆ ಸುರಿಯಿರಿ. ಊರಿನ ಡಾಕ್ಟರು ಬರೆದದ್ದು, ಮಗಳು ಹುಬ್ಬಳ್ಳಿಗೆ ಕರೆದೊಯ್ದಾಗ ಕೊಟ್ಟದ್ದು, ಮಣಿಪಾಲದಿಂದ ಬರುವಾಗ ತಂದದ್ದು, ಮೂರೂ ಅಲ್ಲೇ ಸಿಗುತ್ತವೆ. ಹೆಸರು ಬೇರೆ ಬೇರೆ. ಆದರೆ ಹಾಳೆಯ ಹಿಂದಿನ ಸಣ್ಣ ಅಕ್ಷರ ಓದಿದರೆ ಅವುಗಳಲ್ಲಿ ಎರಡರಲ್ಲಿ ಇರುವುದು ಟೆಲ್ಮಿಸಾರ್ಟನ್ ಎಂಬ ಒಂದೇ ಬಿ.ಪಿ. ಔಷಧ. ಅಜ್ಜ ಎದ್ದು ನಿಂತಾಗ ತಲೆ ತಿರುಗಿ ಬೀಳುವುದಕ್ಕೆ ಕಾರಣ ವಯಸ್ಸಲ್ಲ, ಎರಡು ಪಟ್ಟು ಮಾತ್ರೆ ಇರಬಹುದು. ಮಂಡಿನೋವಿಗೆ ಅಂಗಡಿಯಿಂದ ತಾನೇ ತಂದು ನುಂಗುವ ನೋವಿನ ಮಾತ್ರೆ ಕಿಡ್ನಿಗೂ ಹೊಟ್ಟೆಗೂ ಹೊರೆ.

ಎಲ್ಲ ಚೀಟಿ, ಎಲ್ಲ ಮಾತ್ರೆ ಒಬ್ಬ ಡಾಕ್ಟರ ಮೇಜಿನ ಮೇಲೆ ಒಟ್ಟಿಗೆ ಇಡಿ. ಯಾವುದು ಬಿಡಬೇಕು ಎಂದು ಕೇಳಿ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಉಳಿದ ಪಟ್ಟಿಯ ಫೋಟೋ ಎಲ್ಲ ಮಕ್ಕಳ ಮೊಬೈಲಿನಲ್ಲಿರಲಿ.

ತಪ್ಪು ಕಲ್ಪನೆ 5: ವಯಸ್ಸಾದವರಿಗೆ ಗಂಜಿ, ಉಪ್ಪಿನಕಾಯಿ ಸಾಕು

ಸತ್ಯ: ಜೀರ್ಣಕ್ಕೆ ಗಂಜಿ ಹಗುರ ನಿಜ, ಆದರೆ ಅದರಲ್ಲಿ ಪ್ರೋಟೀನು ಬಲು ಕಡಿಮೆ. ವಯಸ್ಸಾದಂತೆ ಸ್ನಾಯು ಕರಗುತ್ತದೆ. ಅದನ್ನು ತಡೆಯಲು ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಒಂದು ಗ್ರಾಂನಷ್ಟಾದರೂ ಪ್ರೋಟೀನು ಬೇಕು ಎಂಬುದು ತಜ್ಞರ ಸಲಹೆ. ಮೀನು ತಿನ್ನುವವರಿಗೆ ಬಂಗಡೆ, ತಾರ್ಲೆ ಇವೆ. ತಿನ್ನದವರಿಗೆ ಹೆಸರುಕಾಳು, ತೊಗರಿಬೇಳೆಯ ಗಟ್ಟಿ ಹುಳಿ, ಹಾಲು, ಮೊಸರು ಇವೆ. ಬಿ.ಪಿ. ಇದ್ದವರ ಗಂಜಿಗೆ ಉಪ್ಪಿನಲ್ಲೇ ಮುಳುಗಿದ ಮಿಡಿ ಹೊಂದುವುದಿಲ್ಲ. ಕಿಡ್ನಿ ತೊಂದರೆ ಇದ್ದವರು ಮಾತ್ರ ಪ್ರೋಟೀನಿನ ಪ್ರಮಾಣವನ್ನು ಡಾಕ್ಟರಲ್ಲಿ ಕೇಳಿಯೇ ತೀರ್ಮಾನಿಸಬೇಕು.

ತಪ್ಪು ಕಲ್ಪನೆ 6: ಮದುವೆಯಾದ ಮಗಳಿಗೆ ಹೊಣೆಯಿಲ್ಲ, ವಿದೇಶದಲ್ಲಿರುವವನಿಗೆ ಕಾನೂನು ತಟ್ಟುವುದಿಲ್ಲ

ಸತ್ಯ: ಎರಡೂ ತಪ್ಪು. ಮದುವೆಯಾದ ಮಗಳೂ ತಂದೆತಾಯಿಗೆ ಜೀವನಾಂಶ ಕೊಡಲು ಬದ್ಧಳು ಎಂದು ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು ನಾಲ್ವರನ್ನೂ ಹೆಸರಿಸುತ್ತದೆ. ಧರ್ಮದ ಭೇದ ಅದರಲ್ಲಿಲ್ಲ. ವಿದೇಶದಲ್ಲಿರುವ ಭಾರತೀಯ ಪ್ರಜೆಗಳಿಗೂ ಅದು ಅನ್ವಯಿಸುತ್ತದೆ.

ಅರ್ಜಿ ಹಾಕಬೇಕಾದ್ದು ಉಪವಿಭಾಗಾಧಿಕಾರಿಯ, ಅಂದರೆ ನಾವು ಎ.ಸಿ. ಎಂದು ಕರೆಯುವವರ, ಅಧ್ಯಕ್ಷತೆಯ ನ್ಯಾಯಮಂಡಳಿಗೆ. ಭಟ್ಕಳ ಮತ್ತು ಕುಮಟಾದಲ್ಲಿ ಆ ಕಚೇರಿಗಳಿವೆ. ನೋಟಿಸು ತಲುಪಿದ 90 ದಿನದಲ್ಲಿ ಅರ್ಜಿ ಇತ್ಯರ್ಥವಾಗಬೇಕು. ತಿಂಗಳಿಗೆ 10,000 ರೂಪಾಯಿ ತನಕ ಜೀವನಾಂಶಕ್ಕೆ ಆದೇಶ ಮಾಡಬಹುದು. ನೋಡಿಕೊಳ್ಳುವ ಹೊಣೆ ಇದ್ದವರು ಹಿರಿಯರನ್ನು ಎಲ್ಲೋ ಬಿಟ್ಟು ಹೋದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ತಪ್ಪು ಕಲ್ಪನೆ 7: ಆಸ್ತಿ ಬರೆದುಕೊಟ್ಟ ಮೇಲೆ ಮುಗಿಯಿತು, ಹಿಂದಕ್ಕೆ ಬರುವುದಿಲ್ಲ

ಸತ್ಯ: ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಮನೆ, ತೋಟ ದಾನಪತ್ರ ಮಾಡಿಕೊಟ್ಟು, ಪಡೆದವರು ಮಾತು ತಪ್ಪಿದರೆ ಅದೇ ಕಾಯ್ದೆಯ 23ನೇ ಕಲಮಿನಡಿ ಆ ಪತ್ರ ರದ್ದಾಗಬಹುದು. ಆದರೆ ಷರತ್ತು ಇತ್ತು ಎಂಬುದು ತೋರಬೇಕು. ಷರತ್ತೇ ಇಲ್ಲದಿದ್ದರೆ ಈ ಕಲಮು ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ, ಈ ಕಾಯ್ದೆಯನ್ನು ಹಿರಿಯರ ಹಿತಕ್ಕೆ ಅನುಗುಣವಾಗಿ ಉದಾರವಾಗಿ ಅರ್ಥೈಸಬೇಕು ಎಂದೂ ಹೇಳಿತು. ಹಾಗಾಗಿ ಊಟ, ವಸತಿ, ಔಷಧೋಪಚಾರದ ಮಾತು ಪತ್ರದಲ್ಲೇ ಸ್ಪಷ್ಟವಾಗಿರಲಿ.

ಇನ್ನೊಂದು ಎಚ್ಚರ. "ಪವರ್ ಆಫ್ ಅಟಾರ್ನಿ ಇದೆಯಲ್ಲ" ಎಂದು ನಿಶ್ಚಿಂತೆಯಿಂದ ಇರುವವರಿದ್ದಾರೆ. ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಅದರ ಬಲವೂ ಹೋಗುತ್ತದೆ, ಆಮೇಲೆ ಕೋರ್ಟೇ ಗತಿ. ಉಯಿಲು, ಜಂಟಿ ಖಾತೆ, ನಾಮಿನಿ ಎಲ್ಲವನ್ನೂ ಹಿರಿಯರ ತಲೆ ಚುರುಕಾಗಿದ್ದಾಗಲೇ, ಅವರ ಇಷ್ಟದಂತೆಯೇ ಮಾಡಿ ಮುಗಿಸಬೇಕು.

ತಪ್ಪು ಕಲ್ಪನೆ 8: ಹೆತ್ತವರ ಸೇವೆಯಲ್ಲಿ ಬೇಸರ ಬರಬಾರದು, ಹೋಂ ನರ್ಸ್ ಇಟ್ಟರೆ ನಾಚಿಕೆಗೇಡು

ಸತ್ಯ: ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು ರಾತ್ರಿ ಪೂರ್ತಿ ನಿದ್ದೆ ಮಾಡುವುದಿಲ್ಲ. ಮದುವೆ, ಮುಂಜಿ, ಜಾತ್ರೆಗೆ ಹೋಗುವುದಿಲ್ಲ. ಸ್ವಂತ ಸೊಂಟನೋವಿಗೆ ಡಾಕ್ಟರ ಬಳಿ ಹೋಗಲೂ ಬಿಡುವಿಲ್ಲ. ಹೆಚ್ಚಿನ ಮನೆಗಳಲ್ಲಿ ಆ ಒಬ್ಬರು ಸೊಸೆ ಅಥವಾ ಮದುವೆಯಾಗದ ಮಗಳು. ಅವರಿಗೆ ಬರುವ ಸಿಟ್ಟು, ದಣಿವು, ಅಳು ಪ್ರೀತಿಯ ಕೊರತೆಯಿಂದಲ್ಲ, ಬಿಡುವಿನ ಕೊರತೆಯಿಂದ. ಅದನ್ನು ಪಾಪವೆಂದು ಬಾಯಿ ಮುಚ್ಚಿಸಿದರೆ ಕೊನೆಗೆ ಅದರ ಫಲ ಉಣ್ಣುವವರು ಹಾಸಿಗೆಯಲ್ಲಿರುವ ಹಿರಿಯರೇ.

ತಿಂಗಳಿಗೆ ಹತ್ತು ದಿನ ಹೋಂ ನರ್ಸ್ ಇಡುವುದು, ವರ್ಷಕ್ಕೆ ಎರಡು ತಿಂಗಳು ತಾಯಿಯನ್ನು ಮಗಳ ಮನೆಗೆ ಕರೆದೊಯ್ಯುವುದು, ಬೇರೆ ದಾರಿಯೇ ಇಲ್ಲದಾಗ, ಹಿರಿಯರ ಒಪ್ಪಿಗೆಯೊಂದಿಗೆ, ಒಳ್ಳೆಯ ವೃದ್ಧಾಶ್ರಮ ನೋಡಿ ಸೇರಿಸಿ ವಾರ ವಾರ ಹೋಗಿ ಬರುವುದು, ಇವು ಯಾವುವೂ ಕೈಬಿಟ್ಟದ್ದಲ್ಲ. ಗೇಟಿನಲ್ಲಿ ಇಳಿಸಿ ಮತ್ತೆ ಮುಖ ತೋರಿಸದಿರುವುದು ಕೈಬಿಟ್ಟದ್ದು.

ಅಪ್ಪ ಅಮ್ಮನ ಮೇಲೆ ಪ್ರೀತಿ ತಾನಾಗಿ ಬರುತ್ತದೆ. ಆರೈಕೆ ಹಾಗಲ್ಲ, ಅದನ್ನು ಕಲಿಯಬೇಕು, ಹಂಚಿಕೊಳ್ಳಬೇಕು. ಚೌತಿಗೋ, ಈದ್‌ಗೋ, ಊರ ಜಾತ್ರೆಗೋ ಮಕ್ಕಳೆಲ್ಲ ಒಂದಾದಾಗ ಊಟ ಮುಗಿಸಿ ಒಂದು ಗಂಟೆ ಕೂತುಕೊಳ್ಳಿ. ಹಿರಿಯರನ್ನೂ ಕೂರಿಸಿಕೊಳ್ಳಿ, ಅವರಿಗೆ ಏನು ಬೇಕು ಎಂದು ಅವರನ್ನೇ ಕೇಳಿ. ಖರ್ಚು ಯಾರದು, ಆಸ್ಪತ್ರೆಗೆ ಯಾರು, ಕಾಗದಪತ್ರಕ್ಕೆ ಯಾರು, ಹತ್ತಿರ ಇರುವವರಿಗೆ ರಜೆ ಯಾವಾಗ ಎಂದು ಬರೆದಿಡಿ. ಮನೆಯೊಳಗೆ ಬಗೆಹರಿಯದ ತೊಂದರೆ ಇದ್ದರೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಇದೆ, ಕರೆ ಉಚಿತ. ಆ ನಂಬರನ್ನು ಇಂದೇ ಅಪ್ಪನ ಮೊಬೈಲಿನಲ್ಲಿ ಸೇವ್ ಮಾಡಿಕೊಡಿ.