ತಂತ್ರಾಂಶದ ಹೊಟ್ಟೆಯಲ್ಲೊಬ್ಬ ಚಂದ್ರ

ತೊಗರಿ, ಸೋಯಾ ಬರುವ ಕಾಲದಲ್ಲಿ ನಮ್ಮ ಬೀದರಿನ ಗಾಂಧಿ ಗಂಜಿನ ಅಡತ್ ಅಂಗಡಿಗಳಲ್ಲಿ ಯಾರಿಗೂ ಪುರಸತ್ತು ಇರುವುದಿಲ್ಲ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಪರಿಚಯದವರ ಅಂಗಡಿಯಲ್ಲಿ ಲೆಕ್ಕ ನೋಡಲು ನಾನು ಕೂರುತ್ತಿದ್ದೆ. ರೈತರಿಗೆ ಕೊಡುವ ಪಟ್ಟಿಯನ್ನು ಅಲ್ಲಿ ಕಂಪ್ಯೂಟರೇ ಮುದ್ರಿಸುತ್ತಿತ್ತು.

ಒಂದು ಸಲ ಹಮಾಲಿಯ ಲೆಕ್ಕ ಬದಲಾಯಿತು. ಎಲ್ಲ ಚೀಲಕ್ಕೂ ಒಂದೇ ದರವಿದ್ದದ್ದು, ಭಾರದ ಚೀಲಕ್ಕೆ ಬೇರೆಯಾಯಿತು. ಹಳೆಯ ಲೆಕ್ಕ ತಂತ್ರಾಂಶದ ಒಳಗೇ ಸೇರಿಹೋಗಿತ್ತು. ಅದನ್ನು ಬರೆದವರು ದೂರದೂರಿನಲ್ಲಿ. ಅವರು ಬರುವ ತನಕ ಮುದ್ರಿತ ಪಟ್ಟಿಯ ಮೇಲೆ ಪೆನ್ನಿನಿಂದಲೇ ತಿದ್ದಿದೆವು. ಮುದುಕ ರೈತರೊಬ್ಬರು ಕೇಳಿದರು: "ಸಾಹೇಬ್ರ, ಮಷಿನ್ ಒಂದ್ ಹೇಳ್ತದ, ನೀವೊಂದ್ ಬರೀತೀರಿ. ಯಾವುದು ಖರೆ?"

ಈ ಕಥೆ ಕೇಳಿ ಇಂಜಿನಿಯರಿಂಗ್ ಓದುವ ನನ್ನ ಮೊಮ್ಮಗ ಹೇಳಿದ: "ಮುತ್ಯಾ, ಆ ತಂತ್ರಾಂಶದಾಗ ಲುವಾ ಇಟ್ಟಿದ್ರ ನೀವೇ ತಿದ್ದಬಹುದಿತ್ತು."

ಮಕ್ಕಳೇ, ಲುವಾ ಎಂದರೆ ಪೋರ್ಚುಗೀಸ್ ಭಾಷೆಯಲ್ಲಿ ಚಂದ್ರ. 1993ರಲ್ಲಿ ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಕಂಪ್ಯೂಟರ್ ಭಾಷೆ ಇದು. ಪೆಟ್ರೊಬ್ರಾಸ್ ಎಂಬ ತೈಲ ಕಂಪನಿಯ ಕೆಲಸಕ್ಕಾಗಿ ಅಲ್ಲಿಯವರು ಮೊದಲು ಎರಡು ಪುಟ್ಟ ಭಾಷೆಗಳನ್ನು ಮಾಡಿದ್ದರು. ಅದರಲ್ಲಿ ಒಂದರ ಹೆಸರು 'ಸೋಲ್', ಅಂದರೆ ಸೂರ್ಯ. ಎರಡರ ಬದಲಿಗೆ ಬಂದ ಹೊಸ ಭಾಷೆ ಚಂದ್ರನಾಯಿತು!

ದರ ಮಾತ್ರ ಬದಲಾದರೆ ತಂತ್ರಾಂಶದಲ್ಲಿ ಒಂದು ಖಾಲಿ ಖಾನೆ ಇಟ್ಟರೆ ಸಾಕು. ಲೆಕ್ಕದ ಕ್ರಮವೇ ಬದಲಾದರೆ? ಆಗ ಲುವಾದಂಥ ಪುಟ್ಟ ಭಾಷೆ ಬೇಕು. ಮುದ್ರಣ, ದಾಸ್ತಾನು, ಖಾತೆ ಇವೆಲ್ಲ ದೊಡ್ಡ ತಂತ್ರಾಂಶದ ಕೆಲಸ. ಬದಲಾಗುವ ನಿಯಮ ಮಾತ್ರ ಬೇರೆ ಕಡತದಲ್ಲಿ, ನಾಲ್ಕೈದು ಸಾಲಿನಲ್ಲಿ ಇರುತ್ತದೆ. ತಂತ್ರಾಂಶದೊಳಗೆ ಕೂತ ಲುವಾ ಆ ಸಾಲುಗಳನ್ನು ಓದಿ ಲೆಕ್ಕ ಹಾಕುತ್ತದೆ.

ಇದು ಬ್ಯಾಂಕಿನ ಕೌಂಟರಿನ ಹಾಗೆ. ತಂತ್ರಾಂಶ ಕಿಂಡಿಯಲ್ಲಿ ಚೀಟಿಗಳನ್ನು ಒಂದರ ಮೇಲೊಂದು ಇಡುತ್ತದೆ: ಯಾವ ಲೆಕ್ಕ, ಎಷ್ಟು ಚೀಲ, ಎಷ್ಟು ಭಾರ. ಲುವಾ ಅವನ್ನು ತೆಗೆದುಕೊಂಡು ಉತ್ತರದ ಚೀಟಿಯನ್ನು ಅಲ್ಲೇ ಇಡುತ್ತದೆ. ಈ ಚೀಟಿಗಳ ರಾಶಿಗೆ 'ಸ್ಟ್ಯಾಕ್' ಎನ್ನುತ್ತಾರೆ.

"ಯಾರು ಬೇಕಾದರೂ ನಿಯಮ ಬರೆದರೆ ಅಪಾಯವಲ್ಲವೇನೋ?" ಎಂದೆ. ಮೂವತ್ತು ವರ್ಷ ಕೀಲಿಕೈ ಕಾದವನ ಪ್ರಶ್ನೆ ಇದು.

"ಅದಕ್ಕೇ ತಿಜೋರಿ ಕೀಲಿ ಲುವಾಕ್ಕ ಕೊಡಂಗಿಲ್ಲ ಮುತ್ಯಾ" ಎಂದ. ತಂತ್ರಾಂಶ ಬರೆದವರು ಯಾವ ಕೆಲಸಕ್ಕೆ ಅನುಮತಿ ಕೊಟ್ಟಿದ್ದಾರೋ ಅಷ್ಟನ್ನೇ ಅದು ಮಾಡಬಲ್ಲದು. ತಪ್ಪಾದರೆ ತಂತ್ರಾಂಶ ಅದನ್ನು ಹಿಡಿದು ತಿಳಿಸಿ, ತನ್ನ ಕೆಲಸ ಮುಂದುವರಿಸುವಂತೆ ಮಾಡಬಹುದು.

ವಿಕಿಪೀಡಿಯ 2013ರಿಂದ ಲುವಾ ಬಳಸುತ್ತಿದೆ. ಕನ್ನಡ ವಿಕಿಪೀಡಿಯದಲ್ಲಿ ಪುಟದ ಬದಿಗೆ ಕಾಣುವ ಎಷ್ಟೋ ಮಾಹಿತಿ ಪೆಟ್ಟಿಗೆಗಳ ಹಿಂದೆ ಇದೇ ಚಂದ್ರನಿದ್ದಾನೆ. ಅವನ್ನು ಬರೆಯುವವರು ನಮ್ಮಂಥ ಜನರೇ. ಆದರೆ ಒಂದು ಪುಟಕ್ಕೆ ಲುವಾಗೆ ಸಿಗುವುದು 10 ಸೆಕೆಂಡು ಮಾತ್ರ; ನೆನಪಿಗೂ ಮಿತಿ ಇದೆ. ಮಿತಿ ದಾಟಿದರೆ ಅಲ್ಲಿಗೇ ನಿಲ್ಲಿಸಲಾಗುತ್ತದೆ. ನೀವು ಆಡುವ ರೋಬ್ಲಾಕ್ಸ್ ಆಟಗಳ ನಿಯಮಗಳನ್ನೂ ಲುವಾದಿಂದ ಬೆಳೆದ ಭಾಷೆಯಲ್ಲೇ ಬರೆಯುತ್ತಾರೆ.

ಮೊಮ್ಮಗ ಪುಟ್ಟ ಪಟ್ಟಿ ತಂತ್ರಾಂಶ ಮಾಡಿ, ನಿಯಮವನ್ನು ನನ್ನಿಂದಲೇ ಬರೆಸಿದ. ಸಾದಾ ಚೀಲಕ್ಕೆ 12 ರೂಪಾಯಿ, ಭಾರದ ಚೀಲಕ್ಕೆ 15 ಎಂದು ಇಟ್ಟುಕೊಂಡೆವು. ಮೊದಲ ಸಲ ಒಂದು ಅಕ್ಷರ ತಪ್ಪಿತು. ಎಷ್ಟನೇ ಸಾಲು ಎಂದು ಕಂಪ್ಯೂಟರೇ ಹೇಳಿತು. ತಿದ್ದಿ, 30 ಸಾದಾ ಚೀಲ, 10 ಭಾರದ ಚೀಲ ಕೊಟ್ಟೆ. 510 ಎಂದು ಬಂತು. ಹಳೆಯ ಚಾಳಿ, ಕಾಗದದ ಮೇಲೂ ಕೂಡಿಸಿದೆ. ಅಲ್ಲಿಯೂ 510.

ಆ ರೈತರು ಮತ್ತೆ ಸಿಕ್ಕರೆ ಹೇಳಬೇಕು: ಮಷಿನ್ನೂ ನಾನೂ ಈಗ ಒಂದೇ ಮಾತು ಹೇಳುತ್ತೇವೆ.